ಹತ್ತು ಕೋಟಿ ಸಲ ಒತ್ತಿದ ಕಬ್ಬಿಣದ ಬೆರಳಿಗೆ, ಇಪ್ಪತ್ತಮೂರನೇ ಆಸನದ ಪರವಾಗಿ

ಮಾನ್ಯ ಕಬ್ಬಿಣದ ಬೆರಳಿನವರ ಸನ್ನಿಧಾನಕ್ಕೆ,

ಮೊಕ್‌ಪೊ ಬಂದರು ಬೀದಿಯ ‘ನೀಲಿ ಅಲೆ’ ಪೀಸಿ ಬಾಂಗ್‌ನ ಮಾಲೀಕ ಓಕ್ ಜೊಂಗ್‌ಗು, ಈ ಅರವತ್ತಾರರ ಸೊಂಟ ಎಷ್ಟು ಬಗ್ಗುತ್ತದೋ ಅಷ್ಟೂ ಬಗ್ಗಿ ಮಾಡುವ ವಂದನೆಗಳು. ತಾವು ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ತಮಗೆ ಕ್ಷೇಮವಲ್ಲದೆ ಬೇರೆ ಸ್ಥಿತಿಯೇ ಇಲ್ಲವೆಂದು ತಮ್ಮನ್ನು ಇಟ್ಟುಕೊಂಡಿರುವ ಕಂಪನಿಯವರು ಲಿಖಿತವಾಗಿಯೇ ತಿಳಿಸಿದ್ದಾರೆ.

ಆದ ಅನ್ಯಾಯವನ್ನು ದಿನ ಗಳಿಗೆ ಸಮೇತ ಮೊದಲೇ ಹೇಳಿಬಿಡುತ್ತೇನೆ. ಕಳೆದ ನವೆಂಬರ್ ಒಂಬತ್ತು, ಶನಿವಾರ, ಮಧ್ಯಾಹ್ನ ನಾಲ್ಕು ಗಂಟೆ ಹದಿನೇಳು ನಿಮಿಷಕ್ಕೆ, ನನ್ನ ಅಂಗಡಿಯ ಇಪ್ಪತ್ತಮೂರನೇ ಆಸನದಲ್ಲಿ ಕುಳಿತು, ಬಂದರು ಬೀದಿಯ ಹನ್ನೊಂದು ಪೀಸಿ ಬಾಂಗ್‌ಗಳ ಪಂದ್ಯಾವಳಿಯ ಕೊನೆಯ ಆಟವನ್ನು ನ್ಯಾಯವಾಗಿ ಗೆಲ್ಲುತ್ತಿದ್ದ ಚೊನ್ ಮಾಲ್‌ಸುನ್ ಎಂಬ ಐವತ್ತೇಳು ವರ್ಷದ ಹೆಂಗಸನ್ನು ಮೋಸಗಾರ್ತಿ ಎಂದು ಸಾರಲಾಯಿತು. ಆಕೆ ಕೀಗಳನ್ನು ತಾನಾಗಿ ಒತ್ತದೆ, ತನ್ನ ಬದಲಿಗೆ ಒತ್ತುವ ಕಳ್ಳ ಪ್ರೋಗ್ರಾಮ್ ಇಟ್ಟುಕೊಂಡಿದ್ದಳು ಎಂಬುದು ಆರೋಪ. ಆ ತೀರ್ಪಿನ ಮೇಲೆ ಮೇಲ್ಮನವಿ ಹೋದಾಗ, ಅದನ್ನು ಎತ್ತಿಹಿಡಿಯಲು ಕರೆದ ಏಕೈಕ ಸಾಕ್ಷಿ ತಾವು. ತಾವು ಬರಲಿಲ್ಲ. ಬರುವ ಅಗತ್ಯವೂ ಬೀಳಲಿಲ್ಲ. ತಮ್ಮ ಕೀರ್ತಿಯೊಂದೇ ಬಂದು, ಕುರ್ಚಿ ಎಳೆದುಕೊಂಡು ಕೂತು, ಸಾಕ್ಷಿ ನುಡಿದು ಹೋಯಿತು.

ತಮ್ಮ ಕೀರ್ತಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ‘ಉಕ್ಕಿನ ಹುಲಿ ೧೦೪’ ಎಂಬ ಮೆಕ್ಯಾನಿಕಲ್ ಗೇಮಿಂಗ್ ಕೀಬೋರ್ಡಿನ ಒಂದೇ ಒಂದು ಕೀಯನ್ನು, ಕಂಪನಿಯ ಪರೀಕ್ಷಾಯಂತ್ರದ ತುದಿಯಲ್ಲಿ ನಿಂತು, ಹಗಲಿರುಳೆನ್ನದೆ ಹತ್ತು ಕೋಟಿ ಸಲ ಒತ್ತಿ, ಅದು ಸಾಯುವುದಿಲ್ಲ ಎಂದು ಲೋಕಕ್ಕೆ ತೋರಿಸಿಕೊಟ್ಟವರು ತಾವು. ನಮ್ಮ ಹಿರಿಯರು ಬೆಟ್ಟದ ಮೇಲಿನ ಬೌದ್ಧ ಗುಡಿಯಲ್ಲಿ ನೂರೆಂಟು ಸಲ ಅಡ್ಡಬಿದ್ದು ಎದ್ದರೆ ಮೊಣಕಾಲು ಹಿಡಿದುಕೊಂಡು ಇಳಿಯುತ್ತಿದ್ದರು. ಹತ್ತು ಕೋಟಿ ಸಲ ತಲೆಬಾಗಿಯೂ ಒಂದು ಸಲವೂ ಯಾಕೆ ಬಾಗುತ್ತಿದ್ದೇನೆ ಎಂದು ಕೇಳಿಕೊಳ್ಳದ ತಮ್ಮ ವೈರಾಗ್ಯಕ್ಕೆ ಸಾಟಿಯಾದ ಭಿಕ್ಷು ಈ ಸೀಮೆಯಲ್ಲಿ ಹುಟ್ಟಿಲ್ಲ.

ತಾವು ಹುಟ್ಟಿದಂದಿನಿಂದ ಗಾಜಿನ ಪೆಟ್ಟಿಗೆಯೊಳಗೇ ಇರುವುದರಿಂದ, ಪೀಸಿ ಬಾಂಗ್ ಎಂದರೇನು ಎಂದು ತಿಳಿಸುವುದು ನನ್ನ ಕರ್ತವ್ಯ. ಅದೊಂದು ದೊಡ್ಡ ಕೋಣೆ. ಸಾಲಾಗಿ ಕಂಪ್ಯೂಟರುಗಳು. ಜನ ಬಂದು ತಾಸುಗಟ್ಟಲೆ ಕೂತು ಆಡುತ್ತಾರೆ, ಕೂತಲ್ಲಿಗೇ ರಾಮ್ಯೊನ್ ಎಂಬ ಖಾರದ ನೂಡಲ್ಸ್ ತರಿಸಿಕೊಳ್ಳುತ್ತಾರೆ, ಸೊರ್ರನೆ ಹೀರುತ್ತಾ ಆಡುತ್ತಾರೆ, ಆಡುತ್ತಾ ಚೆಲ್ಲುತ್ತಾರೆ. ಕೀಗಳ ಸಂದಿಯಲ್ಲಿ ಕಿಮ್ಚಿ ಉಪ್ಪಿನಕಾಯಿಯ ಮೆಣಸಿನಪುಡಿ, ಹುರಿದ ಕಡಲಪಾಚಿಯ ಚೂರು, ಮಂಜುಗಡ್ಡೆ ಹಾಕಿದ ಕಾಫಿಯ ಅಂಟು. ಇನ್ನು ಸೋತಾಗ ಮಾಡುವ ಒಂದು ಕೆಲಸಕ್ಕೆ ನಮ್ಮವರು ‘ಶಾಟ್‌ಗನ್ ಹೊಡೆಯೋದು’ ಎನ್ನುತ್ತಾರೆ. ಬಂದೂಕು ಅಲ್ಲ, ಹೆದರಬೇಡಿ: ಮುಷ್ಟಿ ಕಟ್ಟಿ ಕೀಬೋರ್ಡಿನ ನೆತ್ತಿಗೆ ಒಂದು ಗುದ್ದು. ಗುದ್ದಿದವನು ಮರುಕ್ಷಣ ನನ್ನತ್ತ ತಿರುಗಿ, “ಯಜಮಾನ್ರೇ, ನಾನಲ್ಲ, ಕೈ ಜಾರ್ತು” ಎನ್ನುತ್ತಾನೆ. ಇಪ್ಪತ್ತೈದು ವರ್ಷಗಳಿಂದ ಈ ಊರಿನ ಕೈಗಳು ಹೀಗೆ ಮೇಲಿನಿಂದ ಕೆಳಕ್ಕೆ ಮಾತ್ರ ಜಾರುತ್ತಿವೆ. ಹತ್ತು ಕೋಟಿ ಒತ್ತುಗಳಲ್ಲಿ ತಾವು ಒಂದು ಆಟವನ್ನೂ ಸೋತಿಲ್ಲ ಎಂಬುದನ್ನು ಇಲ್ಲಿ ಗೌರವಪೂರ್ವಕವಾಗಿ ನೆನಪಿಸುತ್ತೇನೆ.

ನಾನು ಹುಟ್ಟಾ ಪೀಸಿ ಬಾಂಗ್‌ನವನಲ್ಲ. ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದೆ. ತೊಂಬತ್ತೆಂಟರ ಚಳಿಗಾಲದ ಹಣದ ಮುಗ್ಗಟ್ಟಿನಲ್ಲಿ ದೇಶದ ಅರ್ಧ ಅಂಗಡಿಗಳ ಹಾಗೆ ನಮ್ಮ ಅಚ್ಚುಕೂಟವೂ ಬಾಗಿಲು ಹಾಕಿತು, ಮರುವರ್ಷ ನಾನು ಈ ಬಾಗಿಲು ತೆರೆದೆ. ಆಗ ತಂದ ಕೀಬೋರ್ಡುಗಳು ಕೆನೆಬಣ್ಣದವು, ಒರಳುಕಲ್ಲಿನ ತೂಕದವು. ಅವುಗಳಿಗೆ ದೀಪವಿರಲಿಲ್ಲ, ಹುಲಿಯ ಹೆಸರಿರಲಿಲ್ಲ, ಡಬ್ಬಿಯ ಮೇಲೆ ಕೋಟಿಯ ಮಾತಿರಲಿಲ್ಲ. ಹನ್ನೊಂದು ವರ್ಷ ಬಾಳಿದವು. ಆಮೇಲೆ ಬಂದವು ಆರು ವರ್ಷ, ಆಮೇಲಿನವು ಐದು, ಕೊನೆಯವು ಮೂರು. ಬಾಳಿಕೆಯ ಭರವಸೆ ಡಬ್ಬಿಯ ಮೇಲೆ ಒಂದೊಂದು ಸೊನ್ನೆ ಹೆಚ್ಚಿದ ಹಾಗೆಲ್ಲ ಬಾಳಿಕೆ ಒಂದೊಂದು ಕಂತು ಇಳಿಯುತ್ತಾ ಬಂದದ್ದಕ್ಕೆ ನನ್ನ ನೆನಪೇ ದಾಖಲೆ. ಹೋದ ವಸಂತದಲ್ಲಿ ನಲವತ್ತೆಂಟೂ ಆಸನಗಳಿಗೆ ಹೊಸದು ಹಾಕುವ ಕಾಲ ಬಂತು, ಈ ಸಲವಾದರೂ ನೋಡಿ ತರಬೇಕೆಂದು ನಾನೇ ರೈಲು ಹತ್ತಿ ರಾಜಧಾನಿ ಸೋಲ್ ನಗರಕ್ಕೆ ಹೋದೆ.

ಹೊರಡುವಾಗ ಮಾಲ್‌ಸುನ್ ಅವರು ಅಂಗಡಿಯ ಮೆಟ್ಟಿಲವರೆಗೂ ಬಂದಿದ್ದರು. ಆಕೆ ಯಾರೆಂದರೆ, ಮೀನು ಹರಾಜುಕಟ್ಟೆಯ ಕಚೇರಿಯಲ್ಲಿ ಮೂವತ್ತು ವರ್ಷ ಅಂಕಿ ಹೊಡೆದವರು. ಹರಾಜು ಕೂಗುವವನ ಬಾಯಿಂದ ಅಂಕಿ ಬೀಳುವ ಮೊದಲೇ ಆಕೆಯ ಬಲಗೈ ಅದನ್ನು ಹೊಡೆದಿರುತ್ತಿತ್ತು ಎಂದು ಬಂದರಿನಲ್ಲಿ ಈಗಲೂ ಹೇಳುತ್ತಾರೆ. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರದೆ ನನ್ನಲ್ಲಿಗೆ ಬಂದರು. ಹಳೆಯದೊಂದು ಯುದ್ಧದ ಆಟ ಇದೆ, ಅದರಲ್ಲಿ ಪಡೆಗಳಿಗೆ ಒಂದು, ಎರಡು, ಮೂರು ಎಂದು ಅಂಕಿ ಕೊಟ್ಟು, ಅಂಕಿ ಒತ್ತಿ ಕರೆಯಬೇಕು. ಲೋಕವೆಲ್ಲ ಬಲಗೈಯಲ್ಲಿ ಮೌಸು ಹಿಡಿದರೆ ಆಕೆ ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಕೀಬೋರ್ಡಿನ ಬಲಬದಿಯ ಅಂಕಿಗಳ ಚೌಕದ ಮೇಲಿಟ್ಟು ಆಡಿದರು. ಆರು ತಿಂಗಳಲ್ಲಿ ಅಂಗಡಿಯ ಕಾಲೇಜು ಹುಡುಗರೆಲ್ಲ ಆಕೆಯನ್ನು ‘ಚಿಕ್ಕಮ್ಮ’ ಎನ್ನತೊಡಗಿದರು, ಸೋತು ಸೋತು. ಆ ದಿನ ಮೆಟ್ಟಿಲ ಬಳಿ ಆಕೆ ಹೇಳಿದ್ದು ಇಷ್ಟೇ: “ಯಜಮಾನ್ರೇ, ಈಗಿನವರು ಬಲಬದಿ ಅಂಕಿಗಳನ್ನ ಕತ್ತರಿಸಿ ಬಿಸಾಕಿ ಮೊಂಡು ಕೀಬೋರ್ಡ್ ಮಾರ್ತಾರಂತೆ. ಅದನ್ನ ತಂದ್ರೆ ನಂಗೆ ಬಲಗೈ ಕತ್ತರಿಸಿದ ಹಾಗೇನೇ. ಬಣ್ಣ ಗಿಣ್ಣ ಬೇಡ, ಪೂರಾ ಉದ್ದದ್ದು ತನ್ನಿ.”

ಎಲೆಕ್ಟ್ರಾನಿಕ್ ಮಳಿಗೆಯಲ್ಲಿ ಪ್ಯೊ ಎಂಬ ಮಾರಾಟದ ಮಹಾಶಯರು ನನ್ನ ಕೈಹಿಡಿದು ನಡೆಸಿದರು. ನೀಲಿ ಸ್ವಿಚ್ಚು ಒತ್ತಿದರೆ ಟಕ್ಕೆನ್ನುತ್ತದೆ, ಕೆಂಪು ಮೆತ್ತಗೆ ಇಳಿಯುತ್ತದೆ, ಕಂದು ಎರಡರ ನಡುವೆ ಮುಜುಗರಪಡುತ್ತದೆ ಎಂದು ಒಂದೊಂದನ್ನೂ ಒತ್ತಿಸಿ ತೋರಿಸಿದರು. ನಾನು ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿದ್ದೆ: ನೀರಲ್ಲಿ ತೊಳೆದರೆ ಬದುಕುತ್ತದೆಯೇ, ಅಕ್ಷರ ಸವೆಯುತ್ತದೆಯೇ, ಒಂದು ಸ್ವಿಚ್ಚು ಕೆಟ್ಟರೆ ಅದೊಂದನ್ನೇ ಕಿತ್ತು ಬೇರೆ ಹಾಕಬಹುದೇ, ವೈರು ಕಾಲಿಗೆ ಸಿಕ್ಕಿ ಎಳೆದರೆ ಬುಡದಲ್ಲಿ ಮುರಿಯುತ್ತದೆಯೇ. ಮಹಾಶಯರು ಮೊದಲೆರಡಕ್ಕೆ ಉತ್ತರ ಕೊಟ್ಟು, ಮೂರನೆಯದಕ್ಕೆ ಬಂದಾಗ ದೀಪ ಹೊತ್ತಿಸಿದರು. “ಇದರಲ್ಲಿ ಒಂದು ಕೋಟಿ ಅರವತ್ತೆಂಟು ಲಕ್ಷ ಬಣ್ಣ ಬರುತ್ತೆ ಸರ್!” ಎಂದರು. ನನಗೆ ಹೆಸರು ಗೊತ್ತಿರುವ ಬಣ್ಣಗಳು ಒಂಬತ್ತು. ಉಳಿದವುಗಳ ಎದುರು ಹಳ್ಳಿಯವನಂತೆ ನಿಂತಿದ್ದೆ. “ಸ್ವಿಚ್ಚು ಕೆಟ್ಟರೆ?” ಎಂದು ಮತ್ತೆ ಕೇಳಿದೆ. “ಕೆಡೋ ಪ್ರಶ್ನೆ ಎಲ್ಲಿ ಬಂತು ಸರ್? ಬೆಸುಗೆ ಹಾಕಿ ಕೂರಿಸಿದ್ದಾರೆ, ಕೀಳೋಕೇ ಬರಲ್ಲ. ಬನ್ನಿ, ಇವರನ್ನ ನೋಡಿ” ಎಂದು, ಗರ್ಭಗುಡಿಯ ಪರದೆ ಸರಿಸುವ ಅರ್ಚಕನ ಗತ್ತಿನಲ್ಲಿ ತಮ್ಮ ಗಾಜಿನ ಪೆಟ್ಟಿಗೆಯ ಮುಂದೆ ನನ್ನನ್ನು ನಿಲ್ಲಿಸಿದರು.

ಅದು ತಮ್ಮ ಪ್ರಥಮ ದರ್ಶನ. ತಾವು ಇಳಿಯುತ್ತಿದ್ದಿರಿ, ಏರುತ್ತಿದ್ದಿರಿ. ಪಕ್ಕದಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು. ಒಂಬತ್ತು ಕೋಟಿ ತೊಂಬತ್ತು ಚಿಲ್ಲರೆ ಲಕ್ಷ. ಎಂಥ ಲಯ, ಎಂಥ ನಿಷ್ಠೆ! ಮೂರನೆಯ ಪ್ರಶ್ನೆಯನ್ನು ಮಡಚಿ ಜೇಬಿಗಿಟ್ಟೆ, ನಾಲ್ಕನೆಯದನ್ನು ತೆಗೆಯಲೇ ಇಲ್ಲ. ಬಾಳಿಕೆಯ ಕೀಬೋರ್ಡು ಆರಿಸಲು ಹೋದವನು ಬಾಳಿಕೆಯ ಬೆರಳನ್ನು ಆರಿಸಿಕೊಂಡು ಬಂದೆ ಎಂಬುದು ನನಗೆ ಹೊಳೆಯಲು ಒಂಬತ್ತು ತಿಂಗಳು ಹಿಡಿಯಿತು.

ಮೊದಮೊದಲು ಎಲ್ಲವೂ ಸೊಗಸಾಗಿತ್ತು. ನನ್ನ ಹೆಂಡತಿ ಗುಮ್‌ನೆ ಪ್ರತಿ ಸೋಮವಾರ ಬೆಳಿಗ್ಗೆ ಹನ್ನೆರಡು ಕೀಬೋರ್ಡುಗಳನ್ನು ನಲ್ಲಿಯ ಕೆಳಗೆ ಹಿಡಿದು, ಕ್ಯಾಬೇಜು ತೊಳೆದಂತೆ ತೊಳೆದು, ಮಹಡಿಯ ಮೇಲೆ ಮೀನು ಒಣಗಿಸುವ ಹಗ್ಗಕ್ಕೆ ನೇತುಹಾಕುತ್ತಿದ್ದಳು. ಒಂದು ಕಡೆ ಮೀನು, ಒಂದು ಕಡೆ ಹುಲಿ. ಅಕ್ಷರಗಳು ಸವೆಯಲಿಲ್ಲ, ನೀರಿಗೆ ಸಾಯಲಿಲ್ಲ. ಇದನ್ನು ಹೇಳದಿದ್ದರೆ ಅಪಚಾರವಾಗುತ್ತದೆ, ಆದ್ದರಿಂದ ಹೇಳಿದ್ದೇನೆ.

ಅಕ್ಟೋಬರ್ ಕೊನೆಯ ವಾರ ಮಾಲ್‌ಸುನ್ ಅವರು ಕೌಂಟರಿಗೆ ಬಂದು, “ಯಜಮಾನ್ರೇ, ಇಪ್ಪತ್ತಮೂರರಲ್ಲಿ ಐದು ಒತ್ತಿದ್ರೆ ಒಂದೊಂದ್ಸಲ ಎರಡು ಐದು ಬೀಳ್ತಾವೆ” ಎಂದರು. ನಾನು ಡಬ್ಬಿ ತೆಗೆದು, ಅದರ ಮೇಲಿನ ತಮ್ಮ ಚಿತ್ರವನ್ನು ತೋರಿಸಿ, “ಹತ್ತು ಕೋಟಿ ಸಲ ಒತ್ತಿ ನೋಡಿದ್ದಾರೆ ಕಣಮ್ಮಾ” ಎಂದೆ. “ನಾನೂ ಮೂವತ್ತು ವರ್ಷ ಒತ್ತಿದೀನಿ” ಎಂದರು. “ಹಾಗಾದ್ರೆ ನಿಮ್ಮ ಬೆರಳಿಗೇ ವಯಸ್ಸಾಗಿರಬೇಕು” ಎಂದು ನಕ್ಕೆ. ಆಕೆ ನಗಲಿಲ್ಲ. ತನ್ನ ಬಲಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡು ಹೋಗಿ ಕೂತರು. ಇಪ್ಪತ್ತು ವರ್ಷ ಕರಡು ತಿದ್ದಿದವನು ನಾನು, ಸನ್ಮಾನ್ಯರೇ. ಎರಡು ಸಲ ಬಿದ್ದ ಅಕ್ಷರವನ್ನು ಹಿಡಿಯುವುದೇ ನನ್ನ ಅನ್ನವಾಗಿತ್ತು. ಎದುರಿಗೆ ಬಂದು ನಿಂತು ಹೇಳಿದಾಗಲೂ ನಾನು ಹಿಡಿಯಲಿಲ್ಲ. ಡಬ್ಬಿಯ ಬೆರಳನ್ನು ನಂಬಿದೆ, ಎದುರಿಗಿದ್ದ ಬೆರಳನ್ನು ನಂಬಲಿಲ್ಲ.

ಇನ್ನು ಆ ಶನಿವಾರ. ಗೆದ್ದವರ ಭಾವಚಿತ್ರಕ್ಕೆ ಕಟ್ಟು ಹಾಕಿಸಿ ಹನ್ನೊಂದೂ ಅಂಗಡಿಗಳ ಗೋಡೆಗೆ ಒಂದು ವರ್ಷ ತೂಗುಹಾಕುವುದು ನಮ್ಮ ಬೀದಿಯ ಪದ್ಧತಿ. ಐವತ್ತು ದಾಟಿದವರ ಮುಖ ಆ ಗೋಡೆ ಏರಿದ್ದಿಲ್ಲ. ಮಾಲ್‌ಸುನ್ ಅವರು ಹಿಂದಿನ ದಿನವೇ ಕೂದಲು ಸುರುಳಿ ಮಾಡಿಸಿಕೊಂಡು ಬಂದಿದ್ದರು. “ಏನು ಚಿಕ್ಕಮ್ಮಾ, ಫೋಟೋಗಾ?” ಎಂದು ಹುಡುಗರು ಕೆಣಕಿದ್ದಕ್ಕೆ, “ನಿಮ್ಮನ್ನ ಸೋಲ್ಸೋಕೆ ಕೂದಲು ಯಾಕ್ರೋ ಬೇಕು, ಅದು ಫೋಟೋಗೇ” ಎಂದರು. ಆ ಆಟದಲ್ಲಿ ಐದು ಎಂದು ಒಮ್ಮೆ ಒತ್ತಿದರೆ ಐದನೇ ಪಡೆ ಕೈಗೆ ಬರುತ್ತದೆ, ಬೆನ್ನುಬೆನ್ನಿಗೆ ಎರಡು ಸಲ ಒತ್ತಿದರೆ ಆ ಪಡೆ ನಿಂತ ಜಾಗಕ್ಕೆ ಕಂಪ್ಯೂಟರಿನ ತೆರೆಯೇ ಹಾರುತ್ತದೆ. ಆ ದಿನ ಆಕೆ ಐದನ್ನು ಒಮ್ಮೆ ಒತ್ತಿದರೂ ಮತ್ತೆ ಮತ್ತೆ ತೆರೆ ಹಾರುತ್ತಿತ್ತು. ಹೊಲಿಯುತ್ತಿರುವವಳ ಕೈಯಿಂದ ಯಾರೋ ಬಟ್ಟೆ ಕಿತ್ತುಕೊಂಡಂತೆ. ಆಕೆ ಪ್ರತಿ ಸಲ ತೆರೆಯನ್ನು ಮರಳಿ ಎಳೆದು ತಂದು ಆಡಿದರು, ಆಗಲೂ ಗೆಲ್ಲುತ್ತಿದ್ದರು.

ಆಟದ ಮೇಲೆ ಕಣ್ಣಿಟ್ಟಿದ್ದ ಕಾವಲು ಪ್ರೋಗ್ರಾಮ್ ಒಂದು ಎಚ್ಚರಿಕೆ ಕೊಟ್ಟಿತು: ಎರಡು ಒತ್ತುಗಳ ನಡುವೆ ಸೆಕೆಂಡಿನ ನೂರನೇ ಒಂದು ಭಾಗದ ಅಂತರ, ಇದು ಮನುಷ್ಯರ ಕೆಲಸವಲ್ಲ. ನಿಜವೇ. ಅದು ಮನುಷ್ಯರ ಕೆಲಸವಾಗಿರಲಿಲ್ಲ, ತಮ್ಮ ಹುಲಿಯ ಕೆಲಸವಾಗಿತ್ತು. ಪಂದ್ಯಾವಳಿಯ ತೀರ್ಪುಗಾರರಾದ ದೊ ಗಿಯೊಂಗ್ ಅವರು ಬೀದಿಯ ಆಚೆ ತುದಿಯ ಅಂಗಡಿಯಲ್ಲಿ ಕುಳಿತಿದ್ದರು. ಆಟ ತಡೆದು, ತೆರೆಯ ಮೇಲೆಯೇ ಬರೆದು ಕೇಳಿದರು, “ತಾನಾಗಿ ಒತ್ತುವ ಪ್ರೋಗ್ರಾಮ್ ಏನಾದರೂ ಬಳಸುತ್ತಿದ್ದೀರಾ?” ಮಾಲ್‌ಸುನ್ ಅವರು ಬರೆದದ್ದು, “ಖಂಡಿತ ಇಲ್ಲ ಸರ್.”

ಇಲ್ಲಿ ತಮಗೆ ನಮ್ಮ ಅಕ್ಷರದ ಒಂದು ಗುಟ್ಟು ಹೇಳಬೇಕು. ನಮ್ಮ ದೇಶದಲ್ಲಿ ತೆರೆಯ ಮೇಲೆ ನಗಬೇಕಾದವರು ‘ಖ’ ಎಂಬ ಅಕ್ಷರವನ್ನು ಒತ್ತುತ್ತಾರೆ. ಮೂರು ನಾಲ್ಕು ಖ ಬಿದ್ದರೆ ನಿಜವಾದ ನಗು, ಎರಡಾದರೆ ಮರ್ಯಾದೆಯ ನಗು, ಒಂಟಿ ಖ ಎಂದರೆ ಮೂಗು ಮುರಿದು ‘ಹುಂ, ಹೇಳ್ಕೋ ಹೋಗು’ ಎಂದಂತೆ. ಹಾಗಾಗಿ ಯಾವ ಪೀಸಿ ಬಾಂಗ್‌ಗೆ ಹೋದರೂ ಎಲ್ಲಕ್ಕಿಂತ ಮೊದಲು ಬಳಲುವ ಕೀ ಅದೇ. ನಮ್ಮ ಜನ ಅಷ್ಟು ನಗುತ್ತಾರೆ. ಇಪ್ಪತ್ತಮೂರರ ಖ ಕೂಡ ಐದರ ರೋಗವನ್ನೇ ಹಿಡಿದಿತ್ತು. ಒಂದು ಒತ್ತಿದರೆ ಎರಡು, ಹೆಚ್ಚಿನದು ನಮ್ಮ ಲಿಪಿಯಲ್ಲಿ ಪದಕ್ಕೆ ಅಂಟದೆ ಮುಂದೆ ಒಂಟಿಯಾಗಿ ನಿಲ್ಲುತ್ತದೆ. ದೊ ಅವರ ತೆರೆಯ ಮೇಲೆ ಮೂಡಿದ್ದು: “ಖ ಖಂಡಿತ ಇಲ್ಲ ಸರ್.” ಮೋಸದ ಆರೋಪ ಹೊತ್ತವಳು ತೀರ್ಪುಗಾರರ ಮುಖಕ್ಕೆ ಮೂಗು ಮುರಿದಳು! ಆಕೆ ಗಾಬರಿಯಾಗಿ, “ಖುದ್ದಾಗಿ ಬಂದು ನೋಡಿ ಸರ್” ಎಂದು ಮತ್ತೆ ಬರೆದರು. ಅಲ್ಲಿ ಕಂಡದ್ದು, “ಖ ಖುದ್ದಾಗಿ ಬಂದು ನೋಡಿ ಸರ್.” ಗಾಬರಿಯಾದವರು ಖ ಇಲ್ಲದ ಪದಗಳನ್ನು ಹುಡುಕಿಕೊಂಡು ಕೂರುವುದಿಲ್ಲ. ದೊ ಅವರು ಕೆಟ್ಟ ಮನುಷ್ಯರಲ್ಲ. ಆಮೇಲೆ ನನಗೆ ಹೇಳಿದರು: “ಓಕ್ ಅಣ್ಣಾ, ತಪ್ಪು ಮಾಡಿ ಸುಮ್ನಿದ್ದಿದ್ರೆ ಎಚ್ಚರಿಕೆ ಕೊಟ್ಟು ಬಿಡ್ತಿದ್ದೆ. ನಗ್ತಾಳಲ್ಲ, ಅದೂ ಒಂದೊಂದೇ ಖ!”

ನಾಲ್ಕು ಹದಿನೇಳಕ್ಕೆ ಆಟ ನಿಂತಿತು. ಗೋಡೆಗೆ ಚಿತ್ರ ಏರಲಿಲ್ಲ. ಅದೇ ಮೊಳೆಗೆ ಒಂದು ಸೂಚನಾಪತ್ರ ಏರಿತು: ಯಂತ್ರದ ನೆರವು ಪಡೆದು ಆಡಿದ ಕಾರಣ ಚೊನ್ ಮಾಲ್‌ಸುನ್ ಎಂಬವರಿಗೆ ಒಂದು ವರ್ಷ ನಿಷೇಧ. ಹನ್ನೊಂದು ಅಂಗಡಿ, ಹನ್ನೊಂದು ಪತ್ರ. ಹನ್ನೊಂದರಲ್ಲಿ ಒಂದನ್ನು, ನಮ್ಮ ಅಂಗಡಿ ಮಾಲೀಕರ ಸಂಘದ ನಿಯಮದಂತೆ, ನನ್ನ ಕೈಯಾರೆ ನಾನೇ ಏರಿಸಿದೆ. ಬಂದರಿನಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ಮರುವಾರ ಮಾಲ್‌ಸುನ್ ಅವರು ಮೀನು ಕೊಳ್ಳಲು ಹೋದಾಗ ಹರಾಜುಕಟ್ಟೆಯ ಹಳೆಯ ಗೆಳತಿಯೊಬ್ಬಳು, “ಏನೇ ಮಾಲ್‌ಸುನ್, ಮೂವತ್ತು ವರ್ಷ ನಮ್ಮ ತೂಕನೂ ಹಿಂಗೇ ಯಂತ್ರದ ಕೈಲಿ ಹೊಡೆಸಿದ್ಯೇನೇ?” ಎಂದು ತಮಾಷೆಗೆ ಅಂದಳಂತೆ. ತಮಾಷೆಗೇ ಅಂದದ್ದು. ಆದರೆ ಮೂವತ್ತು ವರ್ಷದಲ್ಲಿ ಒಂದು ಅಂಕಿ ತಪ್ಪದ ಕೈ ಅದು. ಆಕೆಗೆ ಇದ್ದ ಆಸ್ತಿಯೆಂದರೆ ಆ ಹೆಸರು. ಆವತ್ತಿನಿಂದ ಆಕೆ ನನ್ನ ಅಂಗಡಿಗೂ ಬಂದಿಲ್ಲ, ಹರಾಜುಕಟ್ಟೆಯ ದಾರಿಯನ್ನೂ ತುಳಿದಿಲ್ಲ. ಗುಮ್‌ನೆ ಒಮ್ಮೆ ಗಂಜಿ ಹಿಡಿದುಕೊಂಡು ಮನೆಗೆ ಹೋದಳು. ಆಕೆ ಬಾಗಿಲಲ್ಲೇ ನಿಂತು ಕೇಳಿದ್ದು ಒಂದೇ ಮಾತು: “ಅಕ್ಕಾ, ನಿಜ ಹೇಳಿ, ನನ್ನ ಕೈ ನಡುಗ್ತಿರಬಹುದಾ? ನಂಗೇ ಗೊತ್ತಿಲ್ದೆ ಎರಡು ಸಲ ಒತ್ತಿರಬಹುದಾ?” ತಮ್ಮ ಕೀರ್ತಿ ಎಲ್ಲಿಯವರೆಗೆ ತಲುಪಿದೆ ನೋಡಿ. ಹೆಂಗಸೊಬ್ಬಳು ತನ್ನ ಕೈಯನ್ನೇ ಅನುಮಾನಿಸುವ ಮಟ್ಟಕ್ಕೆ.

ಗುಮ್‌ನೆ ಮನೆಗೆ ಬಂದು ಗಂಜಿಯ ಪಾತ್ರೆ ಇಟ್ಟು, “ನೀವೇ ಅಲ್ವಾ ಅವಳ ಬೆರಳಿಗೆ ವಯಸ್ಸಾಯ್ತು ಅಂದಿದ್ದು? ಈಗ ಹೋಗಿ, ನಿಮ್ಮ ಡಬ್ಬಿ ಬೆರಳಿನ ಹತ್ರ ಕೇಳಿ ಬನ್ನಿ” ಎಂದಳು. ಅಂದೇ ಹೋಗಿ ಇಪ್ಪತ್ತಮೂರರ ಮುಂದೆ ಕೂತೆ. ಐದನ್ನು ನೂರು ಸಲ, ಒಂದೊಂದಾಗಿ, ಉಸಿರು ಹಿಡಿದು ಒತ್ತಿದೆ. ತೆರೆಯ ಮೇಲೆ ನೂರಾ ಮೂವತ್ತೊಂದು ಐದುಗಳಿದ್ದವು. ಖ ಎಂಬುದನ್ನು ನೂರು ಸಲ ಒತ್ತಿದೆ. ತೆರೆ ನೂರಾ ಹತ್ತೊಂಬತ್ತು ಸಲ ನನ್ನನ್ನು ನೋಡಿ ನಕ್ಕಿತು. ಹಾಳೆಗೆ ಬರೆದು, ಸಂಘಕ್ಕೆ ಮೇಲ್ಮನವಿ ಕೊಟ್ಟೆ. ಸಂಘದವರು, “ನೀವು ಅವರ ಕಡೆಯವರು, ಕಂಪನಿಯ ಮಾತು ತನ್ನಿ” ಎಂದರು. ಕಂಪನಿಗೆ ಬರೆದೆ. ಜನವರಿಯಲ್ಲಿ ಉತ್ತರ ಬಂತು: ‘ಹತ್ತು ಕೋಟಿ ಒತ್ತುಗಳ ನಮ್ಮ ಪರೀಕ್ಷೆಯಲ್ಲಿ ಇಂತಹ ವರ್ತನೆ ದಾಖಲಾಗಿಲ್ಲ, ಬಳಕೆದಾರರ ಒತ್ತುವ ಅಭ್ಯಾಸವನ್ನು ಪರಿಶೀಲಿಸಬೇಕಾಗಿ ವಿನಂತಿ.’ ಸಂಘದವರು ಅದನ್ನು ಓದಿ, ತಲೆದೂಗಿ, ಕಡತ ಮುಚ್ಚಿದರು. ಇದೇ ತಮ್ಮ ಸಾಕ್ಷ್ಯ.

ನಾನು ಕಂಪನಿಗೆ ಫೋನು ಮಾಡಿದೆ. ಮಾತಾಡಿದ ಹೆಣ್ಣುಮಗಳು ಬಹಳ ವಿನಯದವಳು. “ಗ್ರಾಹಕರೇ, ಆ ಬೆರಳು ಹತ್ತು ಕೋಟಿ ಸಲ ಒತ್ತಿದೆ, ಒಂದು ಸಲನೂ ತೊಂದರೆ ಆಗಿಲ್ಲ ಗ್ರಾಹಕರೇ” ಎಂದಳು. ಹಳೆಯ ಕಸುಬಿನ ಚಾಳಿ, ಒಂದು ಪ್ರಶ್ನೆ ಕೇಳಿದೆ: “ತಾಯೀ, ಆ ಕೆಂಪು ಅಂಕಿ ಯಾವುದನ್ನ ಎಣಿಸುತ್ತೆ?” ಆಕೆ ಯಾರನ್ನೋ ಕೇಳಿ ಬಂದು ಹೇಳಿದಳು, “ಬೆರಳು ಎಷ್ಟು ಸಲ ಕೆಳಗಿಳೀತು ಅನ್ನೋದನ್ನ ಎಣಿಸುತ್ತೆ ಗ್ರಾಹಕರೇ.” “ಕೀ ಎಷ್ಟು ಸಲ ಅಕ್ಷರ ಕಳಿಸ್ತು ಅನ್ನೋದನ್ನ?” ಆ ತುದಿಯಲ್ಲಿ ಸ್ವಲ್ಪ ಹೊತ್ತು ಸಂಗೀತ ಕೇಳಿಸಿತು. ಆಮೇಲೆ, “ಅಕ್ಷರ ಬಂತಾ ಇಲ್ವಾ ಅಂತ ಮಾತ್ರ ನೋಡ್ತೀವಿ ಗ್ರಾಹಕರೇ. ಎಷ್ಟು ಬಂತು ಅಂತ... ಅದು ಪರೀಕ್ಷೆಯಲ್ಲಿ ಇಲ್ಲ” ಎಂದಳು. ಪಾಪ, ಸತ್ಯ ಹೇಳಿದ ಮಗಳು. ಆಕೆಯ ಕೆಲಸಕ್ಕೆ ಕುತ್ತು ಬಾರದಿರಲಿ.

ಹಾಗಾದರೆ, ಸನ್ಮಾನ್ಯರೇ, ತಮ್ಮ ಹತ್ತು ಕೋಟಿ ಎಂಬುದು ತಮ್ಮ ಸ್ವಂತ ವ್ಯಾಯಾಮದ ಲೆಕ್ಕ! ತಾವು ಎಷ್ಟು ಸಲ ಮಾತಾಡಿದಿರಿ ಎಂಬುದು ಎಲ್ಲರಿಗೂ ಗೊತ್ತು, ಎದುರಿನವರಿಗೆ ಏನು ಕೇಳಿಸಿತು ಎಂಬುದನ್ನು ಯಾರೂ ವಿಚಾರಿಸಿಲ್ಲ. ಇಂಥ ಭಾಷಣಗಳನ್ನು ನಾನು ಚುನಾವಣೆಗಳಲ್ಲಿ ಕೇಳಿದ್ದೇನೆ, ಯಂತ್ರಗಳೂ ಕಲಿತವೆಂದು ತಿಳಿದಿರಲಿಲ್ಲ. ಇನ್ನೊಂದು ಸಣ್ಣ ವಿಷಯ. ದಣಿವಿಲ್ಲದೆ, ಮನಸ್ಸಿಲ್ಲದೆ, ಒಂದೇ ಅಂತರದಲ್ಲಿ ಒತ್ತುವವರನ್ನು ನಮ್ಮ ಪಂದ್ಯಾವಳಿಯ ನಿಯಮ ಪುಸ್ತಕ ‘ಯಂತ್ರ’ ಎಂದು ಕರೆದು ಹೊರಹಾಕುತ್ತದೆ. ಆ ನಿಯಮದ ಪ್ರಕಾರ ಈ ಪ್ರಕರಣದಲ್ಲಿ ಹೊರಹೋಗಬೇಕಾಗಿದ್ದವರು ಒಬ್ಬರೇ. ಅವರ ಮಾತನ್ನೇ ನಂಬಿ ಮನುಷ್ಯಳೊಬ್ಬಳನ್ನು ಯಂತ್ರವೆಂದು ಹೊರಹಾಕಲಾಗಿದೆ.

ತಮಗೆ ಕಷ್ಟ ಕೊಡುವ ಇಚ್ಛೆ ನನಗಿಲ್ಲ, ಆದರೂ ಕೆಲವು ವಿನಂತಿಗಳಿವೆ. ದಯಮಾಡಿ ಒಂದು ವಾರ ನನ್ನ ಅಂಗಡಿಯ ಆತಿಥ್ಯ ಸ್ವೀಕರಿಸಿ. ಕಿಟಕಿಯ ಪಕ್ಕದ ಆಸನ ಕೊಡುತ್ತೇನೆ, ಸಮುದ್ರ ಕಾಣುತ್ತದೆ. ಒಂದು ಬಟ್ಟಲು ರಾಮ್ಯೊನ್ ತಿನ್ನಿ, ಅದರ ಸಾರು ತಮ್ಮ ಕೀಲುಗಳಿಗೆ ಇಳಿದು ಒಣಗಲಿ. ಸೋಮವಾರ ಗುಮ್‌ನೆ ತಮ್ಮನ್ನು ತೊಳೆದು ಮೀನಿನ ಹಗ್ಗಕ್ಕೆ ನೇತುಹಾಕುತ್ತಾಳೆ, ಬೆಕ್ಕುಗಳ ಬಗ್ಗೆ ಸ್ವಲ್ಪ ಎಚ್ಚರ. ಒಂದು ಆಟವನ್ನಾದರೂ ಸೋಲಿ. ಗೆಲ್ಲುವುದಕ್ಕೆ ಇನ್ನು ಎರಡು ನಿಮಿಷವಿದ್ದಾಗ, ನಾಲ್ಕು ಜನ ಹಿಂದೆ ನಿಂತು ನೋಡುತ್ತಿರುವಾಗ ಸೋಲಿ. ಆಮೇಲೂ ಮುಷ್ಟಿ ಕಟ್ಟದೆ ಇರಲು ತಮಗೆ ಸಾಧ್ಯವಾದರೆ ತಮ್ಮ ಕಾಲಿಗೆ ಬೀಳುತ್ತೇನೆ, ತಮಗೆ ಕಾಲನ್ನು ಕಂಪನಿಯವರು ಒದಗಿಸುವುದಾದರೆ.

ನನ್ನ ಪಾಲಿನದನ್ನು ನಾನು ಈಗಾಗಲೇ ಮಾಡಿದ್ದೇನೆ. ನನ್ನ ಗೋಡೆಯ ಸೂಚನಾಪತ್ರವನ್ನು ನಿನ್ನೆ ಕಿತ್ತಿದ್ದೇನೆ. ಸಂಘ ನನಗೆ ದಂಡ ಹಾಕಲಿ. ಆ ಜಾಗದಲ್ಲಿ, ‘ಆಕೆ ಎರಡು ವಾರ ಮೊದಲೇ ಹೇಳಿದ್ದರು, ನಾನು ನಂಬಲಿಲ್ಲ’ ಎಂದು ಬರೆದು ನನ್ನ ಸಹಿ ಹಾಕಿದ್ದೇನೆ. ಈ ಪತ್ರವನ್ನು ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸಿ, ಒಂದು ಪ್ರತಿಯನ್ನು ಬಂದರಿನ ವಾರಪತ್ರಿಕೆಗೆ, ಇನ್ನೊಂದನ್ನು ದೊ ಗಿಯೊಂಗ್ ಅವರಿಗೆ ಕೊಟ್ಟಿದ್ದೇನೆ. ಆದರೆ ನನ್ನ ಸಹಿ ಸಾಲುವುದು ಒಂದೇ ಗೋಡೆಗೆ. ಉಳಿದ ಹತ್ತು ಗೋಡೆಗಳು ತಮ್ಮ ಮಾತಿಗೆ ಕಾಯುತ್ತಿವೆ. ಆದ್ದರಿಂದ ಕೇಳುತ್ತಿದ್ದೇನೆ. ತಾವು ಒತ್ತಿದ್ದು ಎಷ್ಟು ಮತ್ತು ಕೀಬೋರ್ಡು ಹೇಳಿದ್ದು ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು, ಎಲ್ಲರೂ ಓದುವ ಜಾಗದಲ್ಲಿ ಪ್ರಕಟಿಸಿ. ಪ್ರಕಟಿಸಿದ ಮೇಲೆ, ಚೊನ್ ಮಾಲ್‌ಸುನ್ ಅವರು ಒಂದು ಸಲ ಒತ್ತಿದಾಗ ಎರಡನೆಯ ಸಲ ಒತ್ತಿದವರು ಯಾರು ಎಂಬುದಕ್ಕೆ ಸಾರ್ವಜನಿಕವಾಗಿ ಉತ್ತರ ಕೊಡಿ.

ಉತ್ತರ ಬರುವವರೆಗೆ ಬಾಗಿಲಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಓಕ್ ಜೊಂಗ್‌ಗು
‘ನೀಲಿ ಅಲೆ’, ಬಂದರು ಬೀದಿ, ಮೊಕ್‌ಪೊ

ಮರೆತ ಮಾತು: ತಮಗೆ ಬಾಯಿಲ್ಲ ಎಂಬ ನೆಪವನ್ನು ಕಂಪನಿಯವರು ಹೇಳಬಹುದು, ಅದಕ್ಕೂ ದಾರಿ ಯೋಚಿಸಿದ್ದೇನೆ. ಆಕೆ ನಿರಪರಾಧಿ ಎನ್ನುವುದಾದರೆ ಇಪ್ಪತ್ತಮೂರರ ಐದರ ಮೇಲೆ ಎರಡು ಸಲ ಒತ್ತಿ, ಅಪರಾಧಿ ಎನ್ನುವುದಾದರೆ ಒಂದೇ ಸಲ. ಒಂದೇ ಸಲ ಒತ್ತಿ ನೋಡಿ. ತೆರೆಯ ಮೇಲೆ ಬಿದ್ದದ್ದು ಎಷ್ಟೆಂದು ಎಣಿಸಲು ದೊ ಅವರನ್ನೂ ಪಕ್ಕದಲ್ಲೇ ಕೂರಿಸಿಕೊಂಡಿರುತ್ತೇನೆ.